ಮರುಭೂಮಿಯ ಬಾಗಿಲು ಪ್ರವಾಸಿಗೆ ತೆರೆಯಿತು, ಪ್ರಾರ್ಥಿಸುವವರಿಗೆ ಎಂದು?

ಬೇಲೂರು ತಾಲೂಕಿನ ಬಿಕ್ಕೋಡು ಕಾಫಿ, ಕರಿಮೆಣಸಿನ ಸೀಮೆ. ಘಟ್ಟದ ಕೆಳಗಿನ ನಮ್ಮ ಕುಟುಂಬಗಳು ಎರಡು ಮೂರು ತಲೆಮಾರುಗಳ ಹಿಂದೆಯೇ ಹಾಸನ, ಚಿಕ್ಕಮಗಳೂರಿನ ತೋಟಗಳಿಗೆ ರೈಟರಾಗಿ, ಮೇಸ್ತ್ರಿಯಾಗಿ, ಬಡಗಿಯಾಗಿ ಹತ್ತಿಹೋಗಿ ಅಲ್ಲಿಯೇ ನೆಲೆಸಿದ್ದನ್ನು ಓದುಗರು ಬಲ್ಲರು. ಅಂಥ ಒಂದು ಕುಟುಂಬದ ಹೊಸ ಮನೆಯ ಆಶೀರ್ವಾದಕ್ಕೆಂದು ನಾವು ಈಚೆಗೆ ಬಿಕ್ಕೋಡಿಗೆ ಹೋಗಿದ್ದೆವು. ಅಜ್ಜ ತೋಟದ ರೈಟರು, ಮಗ ಸೌದಿ ಅರೇಬಿಯಾದ ಜುಬೈಲ್‌ನಲ್ಲಿ 22 ವರ್ಷ ವೆಲ್ಡರ್ ಆಗಿ ದುಡಿದು ಹಿಂದಿರುಗಿದವರು, ಮೊಮ್ಮಗ ಈಗ ರಿಯಾದ್‌ನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಮನೆ ಕಟ್ಟಿದ್ದು ಈ ಎರಡು ತಲೆಮಾರಿನ ಅರಬ್ ಸಂಬಳದಿಂದ.

ಊಟವಾದ ಮೇಲೆ ಯಜಮಾನರು ಫೋನ್ ತೆಗೆದು ಮಗ ಕಳುಹಿಸಿದ ಚಿತ್ರಗಳನ್ನು ತೋರಿಸಿದರು. ಮರಳಿನ ಬಯಲಿನ ನಡುವೆ ಒಂಟಿಯಾಗಿ ನಿಂತ ಬಂಡೆ, ಅದರ ಮೈಯಲ್ಲಿ ನಾಲ್ಕು ಕಂಬ ಬಿಡಿಸಿದ ಮಹಾದ್ವಾರ, ಕೆಳಭಾಗ ಕೆತ್ತಿ ಮುಗಿಸದೆ ಬಿಟ್ಟದ್ದು. ಅದರ ಮುಂದೆ ಮಗ, ಸೊಸೆ, ಕಪ್ಪು ಕನ್ನಡಕದ ಮೊಮ್ಮಗಳು. "ಇಪ್ಪತ್ತೆರಡು ವರ್ಷ ಆ ದೇಶದಲ್ಲಿದ್ದೆ ಫಾದರ್. ಇಂಥದ್ದೊಂದು ಅಲ್ಲಿದೆ ಎಂದು ನಮಗೆ ಯಾರೂ ಹೇಳಲಿಲ್ಲ. ನಾವು ನೋಡಿದ್ದು ಕ್ಯಾಂಪು, ಪ್ಲಾಂಟು, ಶುಕ್ರವಾರದ ಮಾರ್ಕೆಟು" ಎಂದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಸೇರಿಸಿದರು. "ಜುಬೈಲ್‌ನಲ್ಲೇ ಒಂದು ಹಳೇ ಚರ್ಚು ಮಣ್ಣಿನಡಿ ಸಿಕ್ಕಿದೆ ಅಂತ ಕ್ಯಾಂಪಿನಲ್ಲಿ ಪಿಸುಮಾತು ಇತ್ತು. ಬೇಲಿ ಹಾಕಿದ್ದಾರಂತೆ. ಹತ್ತಿರ ಹೋಗುವ ಧೈರ್ಯ ಮಾಡಲಿಲ್ಲ."

ಈ ಎರಡು ಮಾತುಗಳ ನಡುವೆ ಇಂದಿನ ಅರಬ್ ಜಗತ್ತಿನ ಒಂದು ದೊಡ್ಡ ಬದಲಾವಣೆಯೂ, ಬದಲಾಗದೆ ಉಳಿದ ಒಂದು ಸಂಗತಿಯೂ ಇವೆ. ಪ್ರವಾಸದ ಜಾಹೀರಾತುಗಳು ಧರ್ಮಕೇಂದ್ರಗಳ ವಾಟ್ಸ್‌ಆಪ್ ಗುಂಪುಗಳಿಗೂ ಬಂದು ತಲುಪುತ್ತಿರುವ ಈ ಹೊತ್ತಿನಲ್ಲಿ ಎರಡನ್ನೂ ಬಿಡಿಸಿ ನೋಡುವುದು ಅಗತ್ಯವೆಂದು ನಮಗೆ ತೋರಿತು.

ಚಿತ್ರದಲ್ಲಿದ್ದ ಸ್ಥಳ ಹೆಗ್ರಾ. ಸೌದಿಯ ವಾಯವ್ಯ ಭಾಗದಲ್ಲಿ ಅಲ್-ಉಲಾ ಕಣಿವೆಯ ಬಳಿ ಇದೆ; ಮದಾಇನ್ ಸಾಲಿಹ್ ಎಂಬುದು ಅದರ ಇನ್ನೊಂದು ಹೆಸರು. ಜೋರ್ಡಾನಿನ ಪೆಟ್ರಾ ನಗರವನ್ನು ಕಟ್ಟಿದ ನಬತೇಯರೇ ಇದನ್ನೂ ಕಟ್ಟಿದವರು. ಧೂಪ, ಸುಗಂಧದ್ರವ್ಯಗಳನ್ನು ಒಂಟೆಗಳ ಮೇಲೆ ಹೇರಿಕೊಂಡು ದಕ್ಷಿಣ ಅರೇಬಿಯಾದಿಂದ ಮೆಡಿಟರೇನಿಯನ್ ಬಂದರುಗಳಿಗೆ ಸಾಗಿಸುತ್ತಿದ್ದ ವ್ಯಾಪಾರಿ ಜನಾಂಗ ಅದು. ಬಂಡೆಯಲ್ಲಿ ಕೊರೆದ 111 ಮಹಾಸಮಾಧಿಗಳು ಅಲ್ಲಿವೆ. ಅವುಗಳಲ್ಲಿ 94ಕ್ಕೆ ಅಲಂಕಾರದ ಕೆತ್ತನೆಯಿದೆ. 2008ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸೌದಿ ಅರೇಬಿಯಾಕ್ಕೆ ಆ ಪಟ್ಟಿಯಲ್ಲಿ ಸಿಕ್ಕ ಮೊದಲ ಸ್ಥಾನ ಇದೇ.

ಆದರೆ 2008ರಲ್ಲಿ ಪಟ್ಟಿಗೆ ಸೇರಿದ ತಾಣವನ್ನು ನೋಡಲು ಹೊರಗಿನವರು ಹೋಗುವಂತಿರಲಿಲ್ಲ. ಆ ದೇಶಕ್ಕೆ ಹೋಗುವವರು ಕೂಲಿಗೆ, ವ್ಯಾಪಾರಕ್ಕೆ ಅಥವಾ ಹಜ್, ಉಮ್ರಾ ಯಾತ್ರೆಗೆ ಹೋಗುವವರು ಮಾತ್ರ. ಸಾಮಾನ್ಯ ಪ್ರವಾಸಿಗೆ ವೀಸಾ ಎಂಬುದು ಆರಂಭವಾದದ್ದು 2019ರ ಸೆಪ್ಟೆಂಬರ್‌ನಲ್ಲಿ. ಮೊದಲು 49 ದೇಶಗಳಿಗೆ ಸುಲಭ ವೀಸಾ ಕೊಟ್ಟರು, ಆ ಪಟ್ಟಿಯಲ್ಲಿ ಭಾರತ ಇರಲಿಲ್ಲ. ಅಲ್ಲಿ ಅತಿ ಹೆಚ್ಚು ಬೆವರು ಸುರಿಸಿದ ದೇಶಗಳಲ್ಲಿ ಒಂದರ ಮಕ್ಕಳಿಗೆ ಅತಿಥಿಯಾಗುವ ದಾರಿ ಬೇರೆ ಷರತ್ತುಗಳೊಂದಿಗೆ ಆಮೇಲೆ ತೆರೆಯಿತು.

ತೆರೆದದ್ದಾದರೂ ಏಕೆ? ಎಣ್ಣೆಯೊಂದನ್ನೇ ನಂಬಿ ಕುಳಿತರೆ ಮುಂದಿನ ತಲೆಮಾರಿಗೆ ಉಳಿಗಾಲವಿಲ್ಲ ಎಂಬ ಲೆಕ್ಕಾಚಾರ. 2016ರ ಏಪ್ರಿಲ್‌ನಲ್ಲಿ 'ವಿಷನ್ 2030' ಎಂಬ ಯೋಜನೆಯನ್ನು ಆ ದೇಶ ಘೋಷಿಸಿತು. ಅದರಲ್ಲಿ ಪ್ರವಾಸೋದ್ಯಮಕ್ಕೆ ದೊಡ್ಡ ಪಾಲು. ಅದೇ ತಿಂಗಳು ಧಾರ್ಮಿಕ ಪೊಲೀಸರಿಂದ ಬಂಧಿಸುವ ಅಧಿಕಾರವನ್ನು ಕಿತ್ತುಕೊಳ್ಳಲಾಯಿತು. ದೇಶದೊಳಗಿನ ಪ್ರವಾಸಿಗರನ್ನೂ ಸೇರಿಸಿ ವರ್ಷಕ್ಕೆ 10 ಕೋಟಿ ಭೇಟಿಗಳ ಗುರಿಯನ್ನು 2023ರಲ್ಲೇ ಮುಟ್ಟಿದ್ದಾಗಿ ಸರ್ಕಾರ ಹೇಳಿಕೊಂಡಿತು. ರಿಯಾದ್‌ನ ಅಂಚಿನಲ್ಲಿ ಮಣ್ಣಿನ ಇಟ್ಟಿಗೆಯ ದಿರಿಯಾ ನಗರ, 1818ರಲ್ಲಿ ಒಟ್ಟೋಮನ್ ಪರ ಸೈನ್ಯ ಹಾಳುಗೆಡವಿದ ಸೌದ್ ಮನೆತನದ ಮೊದಲ ರಾಜಧಾನಿ, ಈಗ ದೀಪಾಲಂಕಾರದಲ್ಲಿ ಹೊಳೆಯುತ್ತಿದೆ. ಜೆದ್ದಾದ ಹಳೆಯ ಪೇಟೆಯಲ್ಲಿ ಕೆಂಪು ಸಮುದ್ರದ ಹವಳದ ಕಲ್ಲಿನಿಂದ ಕಟ್ಟಿದ ಎತ್ತರದ ಮನೆಗಳು, ಅವುಗಳ ಮರದ ಜಾಲಂಧ್ರ ದುರಸ್ತಿಯಾಗುತ್ತಿವೆ. ಅಲ್-ಅಹ್ಸಾದ 25 ಲಕ್ಷ ಖರ್ಜೂರದ ಮರಗಳ ಓಯಸಿಸ್ 2018ರಲ್ಲಿ ಪರಂಪರೆಯ ಪಟ್ಟಿ ಸೇರಿತು. 2034ರ ವಿಶ್ವಕಪ್ ಫುಟ್‌ಬಾಲ್ ಅಲ್ಲಿಯೇ ನಡೆಯಲಿದೆ.

ಹೆಗ್ರಾದ ವಿಷಯದಲ್ಲಿ ಇನ್ನೊಂದು ಅಡ್ಡಿಯಿತ್ತು. ಸಾಲಿಹ್ ಎಂಬ ಪ್ರವಾದಿಯ ಮಾತು ಕೇಳದೆ ದೇವಕೋಪಕ್ಕೆ ಗುರಿಯಾದ ಥಮೂದ್ ಜನರ ಸ್ಥಳ ಅದೆಂಬುದು ಮುಸ್ಲಿಂ ಪರಂಪರೆಯ ನಂಬಿಕೆ. ಶಾಪಗ್ರಸ್ತ ನೆಲ, ಅಲ್ಲಿ ತಂಗಬಾರದು, ವಿಹಾರಕ್ಕೆ ಹೋಗಬಾರದು ಎಂದು ಭಕ್ತರು ದೂರ ಉಳಿದಿದ್ದರು. ಆ ನೆಲದ ಬಳಿಯೇ ಈಗ ಸಂಗೀತ ಕಛೇರಿ, ಐಷಾರಾಮಿ ಹೋಟೆಲು. ಇಷ್ಟು ದೊಡ್ಡ ತಿರುವನ್ನು ಹತ್ತು ವರ್ಷದೊಳಗೆ ಕಂಡ ಸಮಾಜ ಬೇರೊಂದಿರಲಿಕ್ಕಿಲ್ಲ.

ಶುಭಸಂದೇಶವನ್ನು ಓದುವ ನಮಗೆ ಹೆಗ್ರಾ ಪೂರ್ತಿ ಅಪರಿಚಿತವಲ್ಲ. ಅಲ್ಲಿನ ಅನೇಕ ಸಮಾಧಿಗಳು ನಬತೇಯರ ನಾಲ್ಕನೆಯ ಅರೇತ ರಾಜನ ಆಳ್ವಿಕೆಯ ಕಾಲದವು. ಕ್ರಿಸ್ತಪೂರ್ವ 9ರಿಂದ ಕ್ರಿಸ್ತಶಕ 40ರವರೆಗೆ ಆಳಿದ ಅರಸ, ಅಂದರೆ ಯೇಸುಸ್ವಾಮಿಯ ಜೀವಿತಕಾಲವಿಡೀ ಆ ಕಡೆಯ ಗಡಿಯಲ್ಲಿ ರಾಜನಾಗಿದ್ದವನು. ಇವನ ಮಗಳನ್ನೇ ಹೆರೋದ ಅಂತಿಪನು ಮೊದಲು ಮದುವೆಯಾಗಿದ್ದು. ಆಕೆಯನ್ನು ಬಿಟ್ಟು ಸಹೋದರನ ಹೆಂಡತಿ ಹೆರೋದಿಯಳನ್ನು ಕಟ್ಟಿಕೊಂಡದ್ದನ್ನು ಖಂಡಿಸಿದ್ದಕ್ಕೇ ಸ್ನಾನಿಕ ಯೊವಾನ್ನರ ತಲೆ ಹೋಯಿತು. ದಮಸ್ಕದಲ್ಲಿ ಸಂತ ಪೌಲರನ್ನು ಹಿಡಿಯಲು ಪಹರೆ ಹಾಕಿದ ಅಧಿಕಾರಿ ಈ ಅರೇತನ ಕಡೆಯವನು. ಕೊರಿಂಥಿಯರಿಗೆ ಬರೆದ ಎರಡನೆಯ ಪತ್ರದಲ್ಲಿ ಪೌಲರು ಅದನ್ನು ನೆನೆದುಕೊಂಡಿದ್ದಾರೆ. ಮನಪರಿವರ್ತನೆಯ ನಂತರ ತಾವು ಅರೇಬಿಯಾಕ್ಕೆ ಹೋದುದಾಗಿ ಗಲಾತ್ಯರಿಗೆ ಬರೆದಿದ್ದಾರೆ. ಆ 'ಅರೇಬಿಯಾ' ನಬತೇಯರ ನಾಡೆಂದೇ ಬಹುಪಾಲು ವಿದ್ವಾಂಸರ ಅಭಿಪ್ರಾಯ. ಹಾಗೆಂದು ಹೆಗ್ರಾವನ್ನು 'ಬೈಬಲ್ ಪುಣ್ಯಕ್ಷೇತ್ರ' ಎಂದು ಕರೆದು ಟಿಕೇಟು ಮಾರುವುದು ಸರಿಯಲ್ಲ. ಒಂದು ಪ್ರವಾಸ ಸಂಸ್ಥೆ, ಹೆಸರು ಬೇಡ, ಹಾಗೆಯೇ ಮುದ್ರಿಸಿದ ಕರಪತ್ರವನ್ನು ನಮಗೂ ಕಳುಹಿಸಿತ್ತು. ಪೌಲರು ಅಷ್ಟು ದಕ್ಷಿಣಕ್ಕೆ ಬಂದಿದ್ದರೆಂಬುದಕ್ಕೆ ಯಾವ ಆಧಾರವೂ ಇಲ್ಲ.

ಅರೇಬಿಯಾದಲ್ಲಿ ನಿಜಕ್ಕೂ ಕ್ರೈಸ್ತರ ನೆಲೆ ಇದ್ದದ್ದು ಬೇರೆಡೆ. ಯೆಮೆನ್ ಗಡಿಯ ನಜ್ರಾನ್ ನಗರದಲ್ಲಿ ಕ್ರಿಸ್ತಶಕ 523ರ ಸುಮಾರಿಗೆ ಹಿಮ್ಯಾರ್ ರಾಜ್ಯದ ಅರಸ ಸಾವಿರಾರು ಕ್ರೈಸ್ತರನ್ನು ಕೊಲ್ಲಿಸಿದನು. ಅವರ ಮುಂದಾಳು ಸಂತ ಅರೇತಾಸ್. (ರಾಜ ಅರೇತನದೂ ಈ ಸಂತರದೂ ಒಂದೇ ಅರಬ್ಬಿ ಹೆಸರು, ಹಾರಿಥ್, ಗೊಂದಲ ಬೇಡ.) ಅವರ ರಕ್ತಸಾಕ್ಷ್ಯದ 1500ನೇ ವರ್ಷವನ್ನು ಕೊಲ್ಲಿಯ ಎರಡು ವಿಕಾರಿಯೇಟ್‌ಗಳು 2023ರ ಅಕ್ಟೋಬರ್‌ನಿಂದ ಜುಬಿಲಿಯಾಗಿ ಆಚರಿಸಿದವು. ಇಸ್ಲಾಂ ಹುಟ್ಟುವ ಮೊದಲೇ ಅರಬ್ಬಿ ನೆಲದಲ್ಲಿ ಕ್ರಿಸ್ತನ ಹೆಸರಿಗಾಗಿ ಸತ್ತ ಅರಬರು ಇದ್ದರೆಂಬುದನ್ನು ನಮ್ಮವರಲ್ಲಿ ಎಷ್ಟು ಮಂದಿ ಬಲ್ಲರು? ಕ್ರೈಸ್ತ ಧರ್ಮವನ್ನು ಅಲ್ಲಿಗೆ ಒಯ್ದವರು ಕೇರಳದ ದಾದಿಯರು, ಮಂಗಳೂರಿನ ಗುಮಾಸ್ತರು ಎಂದೇ ನಾವು ತಿಳಿದುಕೊಂಡಿದ್ದೇವೆ.

ಇತ್ತ ಕೊಲ್ಲಿಯ ದಡದುದ್ದಕ್ಕೂ ಪೌರಸ್ತ್ಯ ಸಿರಿಯಾಕ್ ಧರ್ಮಸಭೆಯ ಚರ್ಚುಗಳೂ ಆಶ್ರಮಗಳೂ ಇದ್ದವು. ಅಬುಧಾಬಿಗೆ ಸೇರಿದ ಸರ್ ಬನಿ ಯಾಸ್ ದ್ವೀಪದಲ್ಲಿ 1992ರಲ್ಲಿ ಒಂದು ಆಶ್ರಮದ ಅವಶೇಷ ಸಿಕ್ಕಿತು. 2010ರಿಂದ ಅದನ್ನು ಜನರಿಗೆ ತೋರಿಸುತ್ತಾ ಬಂದಿದ್ದಾರೆ. 2022ರ ನವೆಂಬರ್‌ನಲ್ಲಿ ಉಮ್ಮ್ ಅಲ್ ಕುವೈನ್‌ನ ಸಿನಿಯಾ ದ್ವೀಪದಲ್ಲಿ ಇನ್ನೊಂದು ಆಶ್ರಮ ಸಿಕ್ಕ ಸುದ್ದಿಯನ್ನು ಅಲ್ಲಿನ ಸರ್ಕಾರವೇ ಹೆಮ್ಮೆಯಿಂದ ಪ್ರಕಟಿಸಿತು. ಜುಬೈಲ್‌ನ ಚರ್ಚು ಬೆಳಕಿಗೆ ಬಂದದ್ದು 1986ರಲ್ಲಿ. ನಾಲ್ಕನೆಯ ಶತಮಾನದ್ದೆಂದು ಹೇಳಲಾಗುವ ಆ ಕಟ್ಟಡದ ಗೋಡೆಯ ಮೇಲೆ ಶಿಲುಬೆಯ ಗುರುತುಗಳಿದ್ದವು. ಅದರ ಸುತ್ತ ಬೇಲಿ ಬಂತು, ಒಳಗೆ ಪ್ರವೇಶ ನಿಷೇಧಿಸಲಾಯಿತು. ಬಿಕ್ಕೋಡಿನ ನಮ್ಮ ಮಿತ್ರರು ಕೇಳಿದ ಪಿಸುಮಾತು ಸುಳ್ಳಲ್ಲ.

ಒಂದೇ ಕೊಲ್ಲಿ, ಒಂದೇ ಕಾಲದ ಅವಶೇಷಗಳು. ಒಂದು ಕಡೆ ಫಲಕ ಹಾಕಿ ತೋರಿಸುತ್ತಾರೆ, ಇನ್ನೊಂದು ಕಡೆ ಬೇಲಿ. ಏಕೆ ಈ ವ್ಯತ್ಯಾಸ? ನಮ್ಮ ಉತ್ತರ ಇದು: ಹೆಗ್ರಾದ ಸಮಾಧಿಗಳಿಂದ ಸೌದಿಗೆ ಯಾವ ತೊಂದರೆಯೂ ಇಲ್ಲ, ಏಕೆಂದರೆ ನಬತೇಯರ ದೇವರನ್ನು ಪೂಜಿಸುವವರು ಭೂಮಿಯ ಮೇಲೆ ಯಾರೂ ಉಳಿದಿಲ್ಲ. ಸತ್ತ ಧರ್ಮದ ಗುಡಿ ಬರಿಯ ಶಿಲ್ಪ; ಅದಕ್ಕೆ ಟಿಕೇಟು ಇಡಬಹುದು. ಆದರೆ ಜುಬೈಲ್‌ನ ಹಾಳು ಚರ್ಚಿನಲ್ಲಿ ಆರಾಧಿಸಲ್ಪಟ್ಟ ದೇವರನ್ನೇ ಇಂದಿಗೂ ಆರಾಧಿಸುವವರು ಬೇಲಿಯ ಹೊರಗಿದ್ದಾರೆ. ಅವರು ಅಲ್ಲಿ ಪೈಪು ಬೆಸೆಯುತ್ತಿದ್ದಾರೆ, ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದಾರೆ. ಸೌದಿಯಲ್ಲಿ ಕಥೋಲಿಕರ ಸಂಖ್ಯೆ ಹತ್ತು ಲಕ್ಷಕ್ಕೂ ಮಿಕ್ಕಿದೆ ಎಂಬ ಅಂದಾಜಿದೆ. ಫಿಲಿಪ್ಪೀನ್ಸ್ ಮತ್ತು ಭಾರತದವರೇ ಬಹುಪಾಲು. ಅವರಿಗೆ ಒಂದೇ ಒಂದು ಚರ್ಚು ಇಲ್ಲ. ಖಾಸಗಿಯಾಗಿ ಪ್ರಾರ್ಥಿಸಲು ಅಡ್ಡಿಯಿಲ್ಲ ಎಂದು ಅಧಿಕಾರಿಗಳು ಹೇಳುತ್ತಾರೆ. ಹಿಂದಿನ ಕಾಲದ ಹಾಗೆ ಮನೆಗೆ ನುಗ್ಗಿ ಜಪಸರ ಕಿತ್ತುಕೊಳ್ಳುವುದು ಕಡಿಮೆಯಾಗಿದೆ ಎಂದು ಅಲ್ಲಿಂದ ರಜೆಗೆ ಬಂದವರೂ ನಮಗೆ ಹೇಳಿದ್ದಾರೆ. ಆದರೆ ಬಹಿರಂಗ ಬಲಿಪೂಜೆಗೆ ಅನುಮತಿಯಿಲ್ಲ.

ಇಷ್ಟರ ನಡುವೆ ನಮ್ಮ ಕರ್ನಾಟಕದ ಮಟ್ಟಿಗೆ ಒಂದು ವಿಚಿತ್ರ ಸಂಗತಿ ಜರುಗಿತು. ಬಿಕ್ಕೋಡಿನಿಂದ ಸ್ವಲ್ಪ ದೂರದಲ್ಲೇ ಇರುವ ಬೇಲೂರಿನ ಚೆನ್ನಕೇಶವ ದೇವಾಲಯ, ಹಳೇಬೀಡಿನ ಹೊಯ್ಸಳೇಶ್ವರ ಮತ್ತು ಮೈಸೂರು ಜಿಲ್ಲೆಯ ಸೋಮನಾಥಪುರದ ಕೇಶವ ದೇವಾಲಯಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸುವ ನಿರ್ಧಾರವಾದದ್ದು 2023ರ ಸೆಪ್ಟೆಂಬರ್ 18ರಂದು, ರಿಯಾದ್‌ನಲ್ಲಿ! ಆ ಸಭೆ ವಾಸ್ತವವಾಗಿ 2022ರಲ್ಲಿ ರಷ್ಯಾದ ಕಜಾನ್ ನಗರದಲ್ಲಿ ನಡೆಯಬೇಕಿತ್ತು. ಯುಕ್ರೇನ್ ಯುದ್ಧದಿಂದಾಗಿ ಮುಂದೂಡಲ್ಪಟ್ಟು ಸೌದಿಗೆ ಹೋಯಿತು. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ, ಇಂದಿಗೂ ನಿತ್ಯಪೂಜೆ ನಡೆಯುವ ಗುಡಿಗೆ ಲೋಕದ ಮನ್ನಣೆ ಸಿಕ್ಕಿದ್ದು, ಮಸೀದಿಯ ಹೊರತು ಬೇರೆ ಯಾವ ಆರಾಧನಾಲಯಕ್ಕೂ ಬಹಿರಂಗ ಅವಕಾಶವಿಲ್ಲದ ನಗರದಲ್ಲಿ. ಕರ್ನಾಟಕದವರೆಲ್ಲ ಸಂತೋಷಪಟ್ಟೆವು, ಪಡಬೇಕಾದದ್ದೇ. ಆದರೆ ಆ ಸಭಾಂಗಣದ ಹೊರಗೆ ನೆಲ ಒರೆಸುತ್ತಿದ್ದ ಭಾರತೀಯ ಕಾರ್ಮಿಕ, ಅವನು ಹಿಂದೂವಾಗಿರಲಿ ಕ್ರೈಸ್ತನಾಗಿರಲಿ, ಆ ದಿನ ಕೈಮುಗಿಯಲು ಎಲ್ಲಿಗೆ ಹೋಗಬೇಕಿತ್ತು ಎಂಬ ಪ್ರಶ್ನೆ ಯಾವ ಪತ್ರಿಕೆಯಲ್ಲೂ ನಮ್ಮ ಕಣ್ಣಿಗೆ ಬೀಳಲಿಲ್ಲ.

ಸೌದಿಯನ್ನು ಹೀಗೆ ಕೇಳುವಾಗ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. ಬೇಲೂರಿನ ಚೆನ್ನಕೇಶವನ ರಥೋತ್ಸವದಲ್ಲಿ ತೇರು ಹೊರಡುವ ಮೊದಲು ಮೌಲ್ವಿಯೊಬ್ಬರು ಕುರಾನಿನ ಕೆಲವು ಸಾಲುಗಳನ್ನು ಪಠಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದದ್ದು. 2022ರಲ್ಲಿ ಅದಕ್ಕೆ ಆಕ್ಷೇಪ ಎದ್ದಿತು. ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಕೊಡಬಾರದೆಂಬ ಒತ್ತಾಯವೂ ಬಂತು. ಮುಜರಾಯಿ ಇಲಾಖೆ ಹಳೆಯ ಪದ್ಧತಿಯನ್ನು ಉಳಿಸಿತು, ಆ ಏಪ್ರಿಲ್‌ನಲ್ಲಿ ಪಠಣ ನಡೆದೇ ತೇರು ಹೊರಟಿತು. ಮರುವರ್ಷ ಮತ್ತೆ ಪ್ರತಿಭಟನೆ. ಇನ್ನು ನಮ್ಮ ಕರಾವಳಿಯ ಮಾತಿಗೆ ಬಂದರೆ 2008ರ ಸೆಪ್ಟೆಂಬರ್ 14ರ ಭಾನುವಾರವನ್ನು ನೆನಪಿಸುವ ಅಗತ್ಯವಿಲ್ಲ. ಮಂಗಳೂರಿನ ಆರಾಧನಾ ಮಠದಲ್ಲಿ ಒಡೆದ ಗಾಜನ್ನು ಗುಡಿಸಿದ ಕೈಗಳು ಇನ್ನೂ ನಮ್ಮ ನಡುವೆ ಇವೆ. ಆದ್ದರಿಂದ ಅರಬರಿಗೆ ಪಾಠ ಹೇಳುವ ಎತ್ತರದಲ್ಲೇನೂ ನಾವು ಕುಳಿತಿಲ್ಲ. ಪ್ರಶ್ನೆಯನ್ನಂತೂ ಕೇಳಲೇಬೇಕು, ಅಲ್ಲಿಯೂ ಇಲ್ಲಿಯೂ.

ಅರಬ್ ದೇಶಗಳೆಲ್ಲ ಒಂದೇ ಎಂದು ತಿಳಿಯುವುದೂ ತಪ್ಪು. ಬಹ್ರೇನ್‌ನ ಮನಾಮದಲ್ಲಿ ಎರಡನೆಯ ಮಹಾಯುದ್ಧದ ಆರಂಭದ ಹೊತ್ತಿಗೇ ತಿರುಹೃದಯದ ಚರ್ಚು ಕಟ್ಟಿತ್ತು. ಕತಾರ್‌ನ ದೋಹಾದಲ್ಲಿ ಜಪಸರ ಮಾತೆಯ ದೇವಾಲಯ 2008ರಲ್ಲಿ ತೆರೆಯಿತು. 2019ರ ಫೆಬ್ರವರಿಯಲ್ಲಿ ಪೋಪ್ ಫ್ರಾನ್ಸಿಸ್ ಅಬುಧಾಬಿಗೆ ಹೋದರು. ಅರೇಬಿಯಾ ಪರ್ಯಾಯದ್ವೀಪದ ಮೇಲೆ ಕಾಲಿಟ್ಟ ಮೊದಲ ಜಗದ್ಗುರು ಅವರೇ. ಅಲ್-ಅಝ್‌ಹರ್‌ನ ಮಹಾ ಇಮಾಮ್ ಅಹ್ಮದ್ ಅಲ್-ತಯ್ಯಿಬ್ ಅವರೊಂದಿಗೆ ಮಾನವ ಸಹೋದರತ್ವದ ದಾಖಲೆಗೆ ಸಹಿ ಹಾಕಿದರು, ಮರುದಿನ ಜಾಯೆದ್ ಕ್ರೀಡಾಂಗಣದಲ್ಲಿ ಲಕ್ಷಕ್ಕೂ ಅಧಿಕ ಜನರೊಂದಿಗೆ ಬಲಿಪೂಜೆ ಅರ್ಪಿಸಿದರು. ಆ ಜನರಲ್ಲಿ ನಮ್ಮ ಧರ್ಮಕೇಂದ್ರಗಳ ಮಕ್ಕಳೂ ಇದ್ದರು. 2021ರ ಮಾರ್ಚ್‌ನಲ್ಲಿ ಇರಾಕಿಗೆ ಹೋದ ಪೋಪ್, ಅಬ್ರಹಾಮನ ಊರ್ ಪಟ್ಟಣವನ್ನೂ ಮೊಸುಲ್‌ನ ಹಾಳು ಚರ್ಚುಗಳನ್ನೂ ನೋಡಿದರು. ಅಬುಧಾಬಿಯಲ್ಲಿ ಮಸೀದಿ, ಚರ್ಚು, ಯೆಹೂದ್ಯರ ಸಿನಗಾಗ್ ಮೂರೂ ಒಂದೇ ಆವರಣದಲ್ಲಿರುವ ಅಬ್ರಹಾಮಿಕ್ ಕುಟುಂಬ ಭವನ 2023ರಲ್ಲಿ ತೆರೆಯಿತು. ಮರುವರ್ಷ ಅದೇ ಅಬುಧಾಬಿಯಲ್ಲಿ ದೊಡ್ಡ ಹಿಂದೂ ದೇವಾಲಯ. ಫ್ರಾನ್ಸಿಸ್ ಅವರು 2025ರ ಏಪ್ರಿಲ್ 21ರಂದು ದೈವಾಧೀನರಾದರು. ಅವರ ಉತ್ತರಾಧಿಕಾರಿ ಹದಿನಾಲ್ಕನೆಯ ಲಿಯೋ ತಮ್ಮ ಮೊದಲ ವಿದೇಶ ಯಾತ್ರೆಯಲ್ಲಿ ಟರ್ಕಿಯ ನಂತರ ಆಯ್ದುಕೊಂಡದ್ದು ಲೆಬನಾನ್ ಎಂಬ ಅರಬ್ ದೇಶವನ್ನು.

ಪ್ರವಾಸವನ್ನೇ ಕನಸಲ್ಲೂ ಎಣಿಸಲಾಗದ ಅರಬ್ ದೇಶವೂ ಇದೆ. ಬಿಕ್ಕೋಡಿನ ತೋಟಗಳಿಗೆ ನೇರ ಸಂಬಂಧವಿರುವುದು ಅದಕ್ಕೇ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಹಜ್ ಮುಗಿಸಿ ಬರುವಾಗ ಯೆಮೆನ್‌ನ ಮೊಖಾ ಬಂದರಿನಿಂದ ಏಳು ಕಾಫಿ ಬೀಜಗಳನ್ನು ಗುಟ್ಟಾಗಿ ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬುದು ಐತಿಹ್ಯ. ಹಸಿ ಬೀಜವನ್ನು ಹೊರಗೆ ಬಿಡದಂತೆ ಅರಬರು ಕಟ್ಟುನಿಟ್ಟು ಮಾಡಿದ್ದರಂತೆ. ನಾವು ಕುಡಿಯುವ ಒಂದೊಂದು ಲೋಟ ಕಾಫಿಗೂ ಆ ಊರಿನ ಋಣವಿದೆ. ಆ ನಾಡಿನ ಸನಾ, ಶಿಬಾಮ್, ಜಬೀದ್ ನಗರಗಳು ಅಪಾಯದಲ್ಲಿರುವ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಮಣ್ಣಿನ ಗಗನಚುಂಬಿಗಳೆಂದು ಹೆಸರಾದ ಶಿಬಾಮ್ ಮತ್ತು ಸನಾದ ಹಳೆಯ ನಗರ ಆ ಪಟ್ಟಿಗೆ ಬಿದ್ದದ್ದು 2015ರಲ್ಲಿ, ಅಂತರ್ಯುದ್ಧದ ಬಾಂಬುಗಳ ನಡುವೆ.

ಮರುವರ್ಷ, 2016ರ ಮಾರ್ಚ್ 4ರಂದು, ಏಡನ್ ನಗರದಲ್ಲಿ ಮದರ್ ತೆರೇಸಾರ ಭಗಿನಿಯರು ನಡೆಸುತ್ತಿದ್ದ ವೃದ್ಧರ ಆಶ್ರಮಕ್ಕೆ ಬಂದೂಕುಧಾರಿಗಳು ನುಗ್ಗಿ 16 ಜನರನ್ನು ಕೊಂದರು. ನಾಲ್ವರು ಧರ್ಮಭಗಿನಿಯರು, ಅವರಲ್ಲಿ ಒಬ್ಬರು ಭಾರತೀಯರು. ಬೆಂಗಳೂರಿನ ಸಲೇಷಿಯನ್ ಪ್ರಾಂತ್ಯದ ಫಾದರ್ ಟಾಮ್ ಉಳುನ್ನಾಲಿಲ್ ಅವರನ್ನು ಅಪಹರಿಸಿದರು. ನಮ್ಮ ಚರ್ಚುಗಳಲ್ಲೆಲ್ಲ ಅವರಿಗಾಗಿ ಪ್ರಾರ್ಥನೆ ನಡೆದದ್ದು ಓದುಗರಿಗೆ ನೆನಪಿರಬಹುದು. ಒಂದೂವರೆ ವರ್ಷದ ಬಳಿಕ, 2017ರ ಸೆಪ್ಟೆಂಬರ್ 12ರಂದು ಅವರ ಬಿಡುಗಡೆಯಾಯಿತು. ಬಿಡುಗಡೆಗೆ ನೆರವಾದದ್ದು ಒಮಾನ್ ಎಂಬ ಇನ್ನೊಂದು ಅರಬ್ ರಾಷ್ಟ್ರ, ಇದನ್ನೂ ನೆನಪಿಡಬೇಕು.

ಯೆಮೆನ್‌ನ ಕಿಚ್ಚು ಅಲ್ಲಿಗೇ ನಿಲ್ಲಲಿಲ್ಲ. 2023ರ ನವೆಂಬರ್‌ನಿಂದ ಅಲ್ಲಿನ ಹೂಥಿ ಬಣ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗೆ ಇಳಿಯಿತು. ಸೂಯೆಜ್ ಕಾಲುವೆಯ ದಾರಿ ಬಿಟ್ಟು ಆಫ್ರಿಕಾದ ತುದಿ ಸುತ್ತಿಕೊಂಡು ಹಡಗುಗಳು ಹೋಗಬೇಕಾಯಿತು. ಭಾರತದ ಕಾಫಿಯಲ್ಲಿ ಬಹುಪಾಲು ರಫ್ತಾಗುವುದು, ಅದರಲ್ಲೂ ಇಟಲಿ ದೊಡ್ಡ ಗಿರಾಕಿ. ಹೋಗುವ ದಾರಿ ಇದೇ ಕೆಂಪು ಸಮುದ್ರ. ನಾಲ್ಕು ಶತಮಾನದ ಹಿಂದೆ ಯಾವ ಕಡಲ ದಂಡೆಯಿಂದ ಬೀಜ ಬಂತೋ ಅದೇ ದಂಡೆಯಿಂದ ಹಾರಿದ ಕ್ಷಿಪಣಿ ಬೇಲೂರು, ಸಕಲೇಶಪುರದ ಕಾಫಿ ಮೂಟೆಯ ಸಾಗಣೆ ವೆಚ್ಚವನ್ನು ಏರಿಸಿತು. ಅರಬ್ ದೇಶದ ಸುದ್ದಿ ದೂರದ್ದು ಎಂದು ಬಿಕ್ಕೋಡಿನವರು ಹೇಳುವಂತಿಲ್ಲ.

ಹಾಗಾದರೆ ನಮ್ಮವರು ಈ ನಗರಗಳನ್ನು ನೋಡಲು ಹೋಗಬೇಕೆ? ಹಣವಿದ್ದವರು, ಸಮಯವಿದ್ದವರು ಖಂಡಿತ ಹೋಗಲಿ ಎಂಬುದೇ ನಮ್ಮ ಅಭಿಪ್ರಾಯ. ಪುಣ್ಯಯಾತ್ರೆಯೇ ಮುಖ್ಯವಾದರೆ ಸೌದಿಗಿಂತ ಜೋರ್ಡಾನ್ ಲೇಸು. ಮೋಶೆ ವಾಗ್ದತ್ತ ನಾಡನ್ನು ಕಂಡ ನೆಬೋ ಬೆಟ್ಟ, ಪವಿತ್ರ ನಾಡಿನ ಆರನೆಯ ಶತಮಾನದ ನಕ್ಷೆಯನ್ನು ಬಣ್ಣದ ಕಲ್ಲುಗಳಲ್ಲಿ ನೆಲಕ್ಕೆ ಹಾಸಿದ ಮಾದಬಾದ ಸಂತ ಜಾರ್ಜ್ ಚರ್ಚು, 2015ರಲ್ಲಿ ಪರಂಪರೆಯ ಪಟ್ಟಿ ಸೇರಿದ ಪ್ರಭುವಿನ ಸ್ನಾನದೀಕ್ಷೆಯ ಸ್ಥಳ, ಜೊತೆಗೆ ಪೆಟ್ರಾ. ಅಲ್ಲಿ ಗುಂಪಿನೊಂದಿಗೆ ಹೋದ ಧರ್ಮಗುರು ಬಲಿಪೂಜೆ ಅರ್ಪಿಸಬಹುದು, ಅಲ್ಲಿನ ಅರಬ್ ಕ್ರೈಸ್ತರನ್ನು ಮಾತಾಡಿಸಬಹುದು. 2023ರ ಅಕ್ಟೋಬರ್‌ನಲ್ಲಿ ಗಾಜಾ ಯುದ್ಧ ಆರಂಭವಾದ ಬಳಿಕ ಯಾತ್ರಿಕರು ಬಾರದೆ ಆ ಕ್ರೈಸ್ತ ಕುಟುಂಬಗಳ ಒಲೆ ತಣ್ಣಗಾಗಿತ್ತು ಎಂಬುದನ್ನೂ ಗಮನಿಸಬೇಕು. ಹೊರಡುವ ಮುನ್ನ ಯುದ್ಧದ ಸುದ್ದಿ, ವೀಸಾ ನಿಯಮ ಎರಡನ್ನೂ ರಾಯಭಾರ ಕಚೇರಿಯ ಮಾಹಿತಿಯಿಂದಲೇ ತಿಳಿಯಬೇಕು, ಏಜೆಂಟರ ಬಾಯಿಮಾತಿನಿಂದಲ್ಲ.

ಸೌದಿಗೇ ಹೋಗುವವರಿಗೆ ಎರಡು ಮಾತು. ಮೆಕ್ಕಾ ನಗರಕ್ಕೆ ಮುಸ್ಲಿಮೇತರರಿಗೆ ಪ್ರವೇಶವಿಲ್ಲ. ಹೆದ್ದಾರಿಯಲ್ಲೇ ಫಲಕವಿರುತ್ತದೆ, ಅದನ್ನು ಗೌರವಿಸಬೇಕು. ಸಾರ್ವಜನಿಕವಾಗಿ ಜಪಸರ ಹೇಳಿ ವಿಡಿಯೋ ಹಾಕುವ ಸಾಹಸ ಬೇಡ; ನಿಮ್ಮ ವಿಮಾನ ಮರುದಿನ ಹೊರಡುತ್ತದೆ, ಅದರ ಫಲವನ್ನು ಅನುಭವಿಸುವವರು ಅಲ್ಲಿ ದುಡಿಯುವ ನಮ್ಮ ಮಕ್ಕಳು. ಇನ್ನೊಂದು, ಐದು ದಿನದ ಪ್ರವಾಸದಲ್ಲಿ ಅರ್ಧ ದಿನವನ್ನಾದರೂ ನಿಮ್ಮ ಊರಿನವರು ಇರುವ ಕ್ಯಾಂಪಿಗೆ ಮೀಸಲಿಡಿ. ಹೆಗ್ರಾದ ಬಂಡೆ ಎರಡು ಸಾವಿರ ವರ್ಷ ಕಾದಿದೆ, ಇನ್ನೂ ಕಾಯುತ್ತದೆ. ಎರಡು ವರ್ಷದಿಂದ ಊರಿಗೆ ಬಾರದ ಹುಡುಗನಿಗೆ ಒಂದು ಪೊಟ್ಟಣ ಹಪ್ಪಳ, ಉಪ್ಪಿನಕಾಯಿ ಕೊಂಡೊಯ್ದು ಕೊಟ್ಟು ಅವನ ಜೊತೆ ಅರ್ಧ ಗಂಟೆ ಕುಳಿತರೆ ಆ ದೇಶದ ನಿಜವಾದ ಕಟ್ಟಡ ಯಾರ ಹೆಗಲ ಮೇಲೆ ನಿಂತಿದೆಯೆಂದು ತಿಳಿಯುತ್ತದೆ.

ಈ ಚಿಂತೆ ಹಾಸನ ಜಿಲ್ಲೆಯವರಿಗೆ ಬೇರೆ ರೀತಿಯಲ್ಲೂ ಹತ್ತಿರದ್ದು. ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಜಪಸರ ಮಾತೆಯ ಚರ್ಚನ್ನು ಯಾರು ನೋಡಿಲ್ಲ? ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ದೇವಾಲಯ. ಅಣೆಕಟ್ಟು ಬಂದಾಗ ಅಲ್ಲಿನ ಜನ ಮನೆಮಠ ಬಿಟ್ಟು ಬೇರೆಡೆ ಹೋದರು, ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುವ ಗೋಡೆಗಳು ಉಳಿದವು. ಈಗ ಅದು ಮದುವೆಗೆ ಮುನ್ನ ಜೋಡಿಗಳು ಫೋಟೋ ತೆಗೆಸಿಕೊಳ್ಳುವ ತಾಣ. ಬಲಿಪೀಠವಿದ್ದ ಜಾಗ ಯಾವುದೆಂದು ತೋರಿಸಬಲ್ಲ ಹಿರಿಯರು ಇನ್ನು ಎಷ್ಟು ಮಂದಿ ಉಳಿದಿದ್ದಾರೋ. ಅವರ ನೆನಪುಗಳನ್ನು ಯಾರಾದರೂ ಬರೆದಿಟ್ಟುಕೊಳ್ಳುವುದು ಒಳಿತು. 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯದ ಯುವಜನ ಸಂಘಗಳು ಮನಸ್ಸು ಮಾಡಿದರೆ ಒಂದು ಬೇಸಿಗೆಯ ಕೆಲಸ. ಜುಬೈಲ್‌ನ ಚರ್ಚಿಗೆ ಬೇಲಿಯಿದೆ, ಶೆಟ್ಟಿಹಳ್ಳಿಗೆ ಬೇಲಿಯಿಲ್ಲ. ಎರಡೂ ಕಡೆ ಪ್ರಾರ್ಥನೆಯಿಲ್ಲ.

ಬಿಕ್ಕೋಡಿನಲ್ಲಿ ನಾಲ್ಕು ಗಂಟೆಯಾಗುತ್ತಲೇ ಯಜಮಾನರು ನಮ್ಮನ್ನು ಅವಸರಪಡಿಸಿದರು. "ಬೆಳಕಿರುವಾಗಲೇ ಹೊರಡಿ ಫಾದರ್, ನಿನ್ನೆ ರಾತ್ರಿ ತೋಟಕ್ಕೆ ಆನೆ ಇಳಿದಿತ್ತು." ಕಾರಿನ ತನಕ ಬಂದವರು, ಬರುವ ಚಳಿಗಾಲದಲ್ಲಿ ಮಗ ತಮ್ಮಿಬ್ಬರಿಗೂ ವೀಸಾ ಮಾಡಿಸುತ್ತಿದ್ದಾನೆ ಎಂದರು. ಹೆಂಡತಿಗೆ ಆ ಕೆತ್ತಿದ ಬಂಡೆಯನ್ನು ನೋಡುವ ಆಸೆಯಂತೆ. "ನಿಮಗೆ?" ಎಂದು ಕೇಳಿದೆವು.

"ನನಗೆ ಜುಬೈಲ್‌ಗೆ ಹೋಗಬೇಕು. ಆ ಬೇಲಿಯ ಹತ್ತಿರ ಗಾಡಿ ನಿಲ್ಲಿಸಲು ಬಿಟ್ಟರೆ ಒಂದು 'ಪರಲೋಕದಲ್ಲಿರುವ ನಮ್ಮ ತಂದೆಯೇ' ಹೇಳಿ ಬರುತ್ತೇನೆ. ಬಾಯಿಬಿಟ್ಟು ಹೇಳುವುದಿಲ್ಲ ಫಾದರ್, ಮನಸ್ಸಿನಲ್ಲೇ" ಎಂದರು.